ಕಸಿಮಾಟಿಸ್ ಕೆಫೆಯ ಗೋಡೆ

ನ್ಯಾರಬ್ರೈಯ ದೊಡ್ಡ ಬೀದಿಯಲ್ಲಿ
ಔಷಧಿ ಅಂಗಡಿಗೂ ಬಾಗಿಲು ಹಾಕಿದ ಬ್ಯಾಂಕಿಗೂ ನಡುವೆ
ಕಸಿಮಾಟಿಸ್ ಕೆಫೆ. ಎಡಗೋಡೆಯುದ್ದಕ್ಕೂ
ಒಲಿಂಪಸ್ ಬೆಟ್ಟದ ಊಟದ ಪಂಕ್ತಿ.
ಹನ್ನೆರಡು ಮಂದಿ ದೇವರು, ಅರವತ್ತು ವರ್ಷ
ಕುರಿಚಾಪಿನ ಹೊಗೆ ಕುಡಿದು ಕಂದಿದ್ದಾರೆ,
ಹೋಮದ ಹೊಗೆ ಬರುವುದು ನಿಂತ ಮೇಲೆ
ಸಿಕ್ಕಿದ್ದು ಬಿಡಬಾರದು ಅಂತ.

ನಾನು ಶನಿವಾರದ ಗಿರಾಕಿ.
ಹತ್ತಿ ತಳಿ ಕೇಂದ್ರದಿಂದ ಬರುತ್ತೇನೆ, ಬೂಟಿಗಂಟಿದ ಎರೆಮಣ್ಣು
ಮೆಟ್ಟಿಲಿಗೆ ತಿಕ್ಕುತ್ತ. ಹಾವೇರಿಯ ಎರೆಯೂ ಹೀಗೇ,
ಬಾ ಅನ್ನುವುದಿಲ್ಲ, ಬಿಡುವುದೂ ಇಲ್ಲ.

ಎವ್ದೊಕ್ಸಿಯಾ ಏಣಿಯ ಮೇಲೆ, ಕೈಯಲ್ಲಿ ಸ್ಪಂಜು.
ಅಜ್ಜ ಪನಾಯೊಟಿಸ್ ಬಿಡಿಸಿದ್ದಂತೆ ಇದೆಲ್ಲ.
ಬಣ್ಣ ಕಲಿತವನಲ್ಲ, ದೇವರನ್ನು ಕಂಡವನೂ ಅಲ್ಲ,
ಮುಖ ಬೇಕಾದಾಗ ಗಿರಾಕಿಗಳ ಮುಖ ತಗೊಂಡ.

ಇವನು ಜ್ಯೂಸ್, ಹಣ್ಣಿನದಲ್ಲ, ಸಿಡಿಲಿನವನು:
ಉಣ್ಣೆ ಹರಾಜಿನ ದಲ್ಲಾಳಿ, ಗಂಟಲೇ ಗುಡುಗು,
ಮೂರು ಊರಲ್ಲಿ ಮೂವರ ಮನೆಗೆ
ಮೂರು ಬೇರೆ ಟೋಪಿ ಹಾಕಿಕೊಂಡು ಹೋಗುತ್ತಿದ್ದನಂತೆ.
ಸಮುದ್ರ ಎಷ್ಟೋ ದೂರ, ಹಾಗಾಗಿ ಪೊಸೈಡನ್
ಕಾಲುವೆಯ ತೂಬು ಎತ್ತುವ ಇಂಜಿನಿಯರ್.
ಸೇರದವನ ಹೊಲಕ್ಕೆ ನೀರು ತಡ.
ಹರ್ಮೀಸ್, ಅಂಚೆಯ ಹುಡುಗ, ಪ್ರತಿ ಲಕೋಟೆಯನ್ನೂ
ಕೆಟಲಿನ ಹಬೆಗೆ ಹಿಡಿದು ಓದಿ ಮತ್ತೆ ಅಂಟಿಸುತ್ತಿದ್ದವನು.
ಯುದ್ಧದೇವ ಏರೀಸ್ ಮಾತ್ರ ತಲೆ ತಗ್ಗಿಸಿ ಕೂತಿದ್ದಾನೆ,
ಎದುರಿಗೆ ಊಟ ಹಾಗೇ ಇದೆ.
ನ್ಯೂಗಿನಿಯಿಂದ ಮರಳಿ ಬಂದ ಮೇಲೆ ಆ ಹುಡುಗ
ಬಾಗಿಲಿಗೆ ಬೆನ್ನು ಹಾಕಿ ಎಂದೂ ಕೂರಲಿಲ್ಲ.

ಹೀರಾ? "ಅಜ್ಜಿ," ಅಂದಳು, "ಮತ್ತಿನ್ಯಾರು. ಆ ಹುಬ್ಬು ನೋಡು."

ನಕ್ಕೆ. ನಗುವುದಕ್ಕೇನು,
ಗುರುವಿನ ಹೆಂಡತಿಯನ್ನು ಹಾರಿಸಿಕೊಂಡು ಹೋದ ಚಂದ್ರನನ್ನೇ
ಮಾಮ ಅಂತ ತೋರಿಸಿ ಕೂಸಿಗೆ ತುತ್ತಿಡುವ ಮಂದಿ ನಾವು.
ಮೈಯೆಲ್ಲ ಕಣ್ಣಾದ ಇಂದ್ರನ ಹತ್ತಿರ ಮಳೆ ಕೇಳುವವರು.

ಆಮೇಲೆ ಅವಳು ಹಳೆಯ ತಿಂಡಿಪಟ್ಟಿಯ ಹಲಗೆ ಕೆಳಗಿಳಿಸಿದಳು,
ಮಿಲ್ಕ್‌ಶೇಕ್ ಒಂದೂವರೆ ಶಿಲಿಂಗ್.
ಹಿಂದೆ, ಹೊಗೆ ಮುಟ್ಟದ ನೀಲಿಯಲ್ಲಿ
ಚಿಪ್ಪಿನ ಮೇಲೆ ನಿಂತ ಅಫ್ರೊಡೈಟಿ.
ಅಜ್ಜ ಹುಟ್ಟಿದ ದ್ವೀಪದ ದಂಡೆಗೇ ತೇಲಿ ಬಂದವಳಂತೆ,
ಊರ ಹೆಣ್ಣುಮಗಳು ಅನ್ನಬೇಕು.
ತೋಳಿದೆ, ಹೆರಳಿದೆ, ಕೊರಳಲ್ಲೊಂದು ಮಚ್ಚೆಯಿದೆ.
ಮುಖವಿಲ್ಲ. ಊಟದ ಫೋರ್ಕಿನಿಂದ ಕೆರೆದಿದ್ದಾರೆ,
ನಾಲ್ಕು ನಾಲ್ಕು ಗೆರೆ, ಸುಣ್ಣ ಕಾಣುವವರೆಗೆ.

ಯಾರು? ಅಜ್ಜಿಯೆ?
ಪಕ್ಕದಲ್ಲೇ ಕೂತ ಕುಂಟ ಕಮ್ಮಾರ, ರೈಲು ಷೆಡ್ಡಿನವನು,
ಅವನ ಹೆಂಡತಿಯ ಮುಖವಿತ್ತೆ ಅಲ್ಲಿ?
ಅಥವಾ ಆಕೆಯೇ ಬಂದಳೆ, ಬಾಗಿಲು ಮುಚ್ಚುವ ಹೊತ್ತಿಗೆ,
ನನ್ನನ್ನು ದೇವತೆ ಮಾಡಲು ನೀನು ಯಾರು ಅಂತ?
ಎವ್ದೊಕ್ಸಿಯಾಗೆ ಗೊತ್ತಿಲ್ಲ. ಕೆಳಗಿಳಿದು
ಚಾಪು ತಂದಿಟ್ಟಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ವಾರ ಹೊಸ ತಳಿಗೆ ಮರ್ವಿನ್‌ನ ಹೆಸರು ಬಂತು.
ಒಂಬತ್ತು ವರ್ಷ ಹೂವಿಗೆ ಹೂವು ಮುಟ್ಟಿಸಿದ್ದು ನಾನು.
ಮೊನ್ನೆ ರಾತ್ರಿ ಅವನ ಪಾತಿಯ ಬದುವಿನಲ್ಲಿ ನಿಂತು
ಕಾಯಿಕೊರಕ ಬೀಳಲಿ ಅಂದೆ, ಬಾಯಿಬಿಟ್ಟು, ಕನ್ನಡದಲ್ಲಿ,
ಇಲ್ಲಿಯ ದೇವರಿಗೆ ತಿಳಿಯದಿರಲಿ ಅಂತಲೋ ಏನೋ.

ಅದನ್ನು ಹೇಳಲಿಲ್ಲ. ಕೇಳಿದೆ:
ಇವರಲ್ಲಿ ಹೊಟ್ಟೆಕಿಚ್ಚಿನ ದೇವರು ಯಾರು?

ಗೋಡೆಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು,
ಹಲಗೆ ಇದ್ದ ಜಾಗದಲ್ಲಿ ಒಂದು ಗಳಿಗೆ ಹೆಚ್ಚು.
"ಅದಕ್ಕೆ ಬೇರೆ ಕುರ್ಚಿ ಹಾಕಿಲ್ಲ ಅಜ್ಜ.
ಟೇಬಲ್ಲಿನ ನಡುವೆ ಇಟ್ಟಿದ್ದಾನೆ, ಎಲ್ಲರ ಕೈಗೂ ಸಿಗುವ ಹಾಗೆ,"
ಅನ್ನುತ್ತ, ನಾನು ಕೇಳದೇ ಇದ್ದರೂ,
ಉಪ್ಪಿನ ಡಬ್ಬಿಯನ್ನು
ನನ್ನ ಕಡೆ ಸರಿಸಿದಳು.